ಗಿಡ ಹತ್ತಿ ಟೊಂಗೆ ಕಡಿಯುವಾಗ ಒಂದು ಹಗ್ಗ ಸಾಕಾ, ಎರಡು ಬೇಕಾ?

ಗಂಗಾವತಿ ಗರಗಸ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಸೇರಿ ಗಿಡ ಕಡಿಯುವ, ಟೊಂಗೆ ಸವರುವ ಕೆಲಸ ಮಾಡುತ್ತೇವೆ. ಗಂಗಾವತಿ, ಕಾರಟಗಿ, ಕೊಪ್ಪಳ ಕಡೆ ಹೊಲದ ಬದುವಿನ ಬೇವು, ಶಾಲೆ ಕಾಂಪೌಂಡಿನ ಗುಲ್‌ಮೊಹರ್, ಮನೆ ಮೇಲೆ ಬಾಗಿದ ಹುಣಸೆ, ಇಂಥವೇ ಜಾಸ್ತಿ. ಇಷ್ಟು ದಿನ ಸೊಂಟಕ್ಕೆ ಒಂದು ಬೆಲ್ಟ್, ಅದಕ್ಕೊಂದು ಹಗ್ಗ, ಅಷ್ಟೇ ನಮ್ಮ ಲೆಕ್ಕ.

ಈಗ ನಮ್ಮ ಜೊತೆ ಹೊಸದಾಗಿ ಒಬ್ಬ ಹುಡುಗ ಸೇರಿದ್ದಾನೆ. ಮುಂಚೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಇದ್ದವನು. ಅಲ್ಲಿ ಎರಡು ಹುಕ್ ಇಲ್ಲದೆ ಮೇಲೆ ಹತ್ತಲು ಬಿಡುತ್ತಿರಲಿಲ್ಲ, ಇಲ್ಲಿ ಒಂದೇ ಹಗ್ಗ ಅಂದರೆ ನಾನು ಹತ್ತೋದಿಲ್ಲ ಅಂತಾನೆ. ನಮ್ಮಲ್ಲೇ ಹಿರಿಯರೊಬ್ಬರಿದ್ದಾರೆ, ಅವರು ಇದಕ್ಕೆ ಪೂರಾ ಉಲ್ಟಾ. ಎರಡು ಹಗ್ಗ ಅಂದರೆ ಕಾಲಿಗೊಂದು ಕೈಗೊಂದು ಸುತ್ತಿಕೊಂಡು ಅದರಿಂದಲೇ ಬೀಳ್ತೀರಿ ಅಂತ ಅವರ ವಾದ. ಇಬ್ಬರ ಮಾತಿನಲ್ಲೂ ಹುರುಳಿದೆ ಅನಿಸುತ್ತಿದೆ, ಅದೇ ತಲೆನೋವು.

ಮುಂದಿನ ವಾರ ಒಂದು ದೊಡ್ಡ ಹುಣಸೆ ಇದೆ. ಕೆಳಗೆ ಸಿಮೆಂಟ್ ಶೀಟಿನ ಮನೆ, ಪಕ್ಕದಲ್ಲೇ ಕರೆಂಟ್ ಲೈನು. ಟೊಂಗೆಗಳನ್ನು ಹಗ್ಗ ಕಟ್ಟಿ ಇಳಿಸಬೇಕು, ಮೇಲೆ ಚೈನ್ ಸಾ ಒಯ್ಯಬೇಕು. ಇಂಥ ಕೆಲಸ ಮಾಡಿ ಗೊತ್ತಿರುವವರು ಹೇಳಿ, ಒಂದು ಹಗ್ಗ ಸಾಕಾ? ಎರಡು ಬೇಕು ಅಂದರೆ ಯಾವಾಗ ಬೇಕು, ಎಲ್ಲಿ ಕಟ್ಟಬೇಕು? ಸುಮ್ನೆ ಸೇಫ್ಟಿ ಫಸ್ಟ್ ಅಂತ ಹೇಳಿ ಹೋಗಬೇಡಿ ದಯವಿಟ್ಟು.

ಶಕ್ತಿನಗರದವ

ನಿಮ್ಮ ಹುಡುಗ ಹೇಳುತ್ತಿರುವುದು ಡಬಲ್ ಲ್ಯಾನ್ಯಾರ್ಡ್ ಬಗ್ಗೆ, ಅಂದರೆ ಬೆಲ್ಟಿಗೆ ಸೇರಿದ, ತುದಿಯಲ್ಲಿ ಹುಕ್ ಇರುವ ಎರಡು ಸಣ್ಣ ಹಗ್ಗ. ನಾನೂ ಥರ್ಮಲ್ ಪ್ಲಾಂಟ್ ಶಟ್‌ಡೌನ್ ಕೆಲಸ ಮಾಡಿದವನು, ಅದನ್ನೇ ಹಾಕಿಕೊಂಡು ದಿನಗಟ್ಟಲೆ ಮೇಲೆ ಇರುತ್ತಿದ್ದೆವು. ಅದರ ಕೆಲಸ ಏನು ಅಂದರೆ, ಒಂದು ಹುಕ್ ಬಿಚ್ಚಿ ಮುಂದಿನ ಪೈಪಿಗೆ ಹಾಕುವಾಗ ಇನ್ನೊಂದು ಹುಕ್ ಹಾಕಿಯೇ ಇರಬೇಕು. ಯಾವ ಕ್ಷಣದಲ್ಲೂ ಮನುಷ್ಯ ಖಾಲಿ ಇರಬಾರದು. ಈ ಪದ್ಧತಿಯನ್ನು ನೀವು ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಆದರೆ ಆ ಬೆಲ್ಟನ್ನೇ ಗಿಡಕ್ಕೆ ಒಯ್ದರೆ ಪ್ರಯೋಜನ ಕಮ್ಮಿ. ಕಾರ್ಖಾನೆಯ ಹಾರ್ನೆಸ್‌ನಲ್ಲಿ (ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳ ಬೆಲ್ಟ್) ಕೊಂಡಿ ಬೆನ್ನಿಗೆ ಇರುತ್ತದೆ. ಅದು ಬಿದ್ದವನನ್ನು ಹಿಡಿಯಲು ಮಾಡಿದ್ದು, ಅದರ ಮೇಲೆ ಭಾರ ಬಿಟ್ಟು ಕೂತು ಕೆಲಸ ಮಾಡಲು ಅಲ್ಲ. ಇನ್ನೊಂದು, ಲ್ಯಾನ್ಯಾರ್ಡ್ ಉದ್ದ ಸುಮಾರು 1.8 ಮೀಟರ್. ಬಿದ್ದಾಗ ಏಟು ತಗ್ಗಿಸಲು ಅದರಲ್ಲಿರುವ ಶಾಕ್ ಅಬ್ಸಾರ್ಬರ್ ಹೊಲಿಗೆ ಬಿಚ್ಚಿಕೊಂಡು ಇನ್ನಷ್ಟು ಉದ್ದ ಆಗುತ್ತದೆ. ಹುಕ್ ಕಾಲ ಮಟ್ಟದಲ್ಲಿ ಇದ್ದರೆ ಕೆಳಗೆ 6 ಮೀಟರ್ ಹತ್ತಿರ ಖಾಲಿ ಜಾಗ ಬೇಕು. ಗಿಡದಲ್ಲಿ ಅಷ್ಟು ಖಾಲಿ ಎಲ್ಲಿದೆ ಹೇಳಿ? ನಾಲ್ಕು ಅಡಿಗೆ ಒಂದು ಟೊಂಗೆ ಇರುತ್ತದೆ, ಬೆಲ್ಟ್ ಹಿಡಿಯುವ ಮುಂಚೆ ಪಕ್ಕೆಲುಬು ಅದಕ್ಕೆ ಹೊಡೆದಿರುತ್ತದೆ.

ಗಿಡದ ಕೆಲಸಕ್ಕೆ ಬೇಕಾಗಿರುವುದು ಬೀಳಲು ಬಿಡದ ಹಗ್ಗ. ಯಾವಾಗಲೂ ಮೇಲಿಂದ ಬಿಗಿಯಾಗಿ ಇರಬೇಕು. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಇಂದೇ ಬಿಸಾಡಿ. ಅದರಲ್ಲಿ ಜೋತು ಬಿದ್ದರೆ ಉಸಿರು ಕಟ್ಟುತ್ತದೆ, ತಲೆಕೆಳಗಾದರೆ ಜಾರಿ ಹೊರಗೇ ಬರಬಹುದು. ತೊಡೆಗೂ ಪಟ್ಟಿ ಇರುವ, ಮುಂದೆ ಮತ್ತು ಎರಡೂ ಪಕ್ಕಕ್ಕೆ ಕೊಂಡಿ ಇರುವ ಹಾರ್ನೆಸ್ ತೆಗೆದುಕೊಳ್ಳಿ. ನಮ್ಮ ದೇಶದ ಗುರುತು ಐಎಸ್ 3521, ಪಟ್ಟಿಯ ಲೇಬಲ್ ಮೇಲೆ ಇರುತ್ತದೆ, ನೋಡಿ ಕೊಳ್ಳಿ.

ಟೊಂಗೆ ಇಳಿಸುವುದರ ಬಗ್ಗೆ ನನಗೆ ಅನುಭವ ಇಲ್ಲ, ಅದನ್ನು ಬೇರೆಯವರು ಹೇಳಲಿ.

ಕೋಟೆ ಕೆಳಗಿನವ

ಬಳ್ಳಾರಿಯಿಂದ. ಬೆಂಗಳೂರಿನಲ್ಲಿ ಇದೇ ಕೆಲಸ ಕಲಿತು, ಈಗ ಊರಲ್ಲಿ ಮಾಡುತ್ತಿದ್ದೇನೆ. ಗರಗಸ ಅಣ್ಣ, ನಿಮ್ಮ ಪ್ರಶ್ನೆಯಲ್ಲಿ ಹಗ್ಗ ಎಣಿಸುತ್ತಿದ್ದೀರಿ. ನಾನು ಎಣಿಸುವುದು ಹಗ್ಗ ಕಟ್ಟಿದ ಜಾಗಗಳನ್ನು. ಎರಡು ಹಗ್ಗ ತಂದು ಎರಡನ್ನೂ ಒಂದೇ ಟೊಂಗೆಗೆ ಹಾಕಿದರೆ, ಆ ಟೊಂಗೆ ಮುರಿದಾಗ ಎರಡೂ ಹಗ್ಗ ನಿಮ್ಮ ಜೊತೆಗೇ ಕೆಳಗೆ ಬರುತ್ತವೆ. ಅದು ಒಂದೇ ಹಗ್ಗದ ಕೆಲಸ, ಭಾರ ಮಾತ್ರ ಡಬಲ್.

ಬ್ರಿಟನ್‌ನಲ್ಲಿ ಇದರ ಮೇಲೆ ದೊಡ್ಡ ಜಗಳವೇ ನಡೆದಿದೆ. ಅಲ್ಲಿ ಎತ್ತರದ ಕೆಲಸಕ್ಕೆ 2005ರ ನಿಯಮಗಳಿವೆ. ಹಗ್ಗದ ಮೇಲೆ ಕೆಲಸ ಮಾಡುವವನಿಗೆ ಬೇರೆ ಬೇರೆ ಜಾಗದಲ್ಲಿ ಕಟ್ಟಿದ ಎರಡು ಹಗ್ಗ ಇರಬೇಕು, ಒಂದು ಕೆಲಸಕ್ಕೆ, ಒಂದು ಕಾಪಾಡಲು ಅಂತ ಅದರಲ್ಲಿದೆ. ಎರಡನೆಯ ಹಗ್ಗದಿಂದಲೇ ಅಪಾಯ ಜಾಸ್ತಿ ಆಗುತ್ತದೆ ಅಂತ ಮೊದಲೇ ಪರಿಶೀಲಿಸಿ ತೋರಿಸಿದರೆ ಮಾತ್ರ ಒಂದು ಹಗ್ಗಕ್ಕೆ ಅವಕಾಶ. ಮರ ಹತ್ತುವವರು ವರ್ಷಗಟ್ಟಲೆ ಒಂದರಲ್ಲೇ ನಡೆಸಿಕೊಂಡು ಬಂದಿದ್ದರು. 2019ರ ಹೊತ್ತಿಗೆ ಅಲ್ಲಿನ ಸುರಕ್ಷತಾ ಇಲಾಖೆ ನಿಮಗೂ ಇದೇ ನಿಯಮ ಅಂತ ಗಟ್ಟಿಯಾಗಿ ಹೇಳಿತು. ಆಗ ಅಲ್ಲಿಯ ಅನುಭವಸ್ಥರೂ ನಿಮ್ಮ ಹಿರಿಯರ ಮಾತನ್ನೇ ಆಡಿದರು, ಸಿಕ್ಕಿಕೊಳ್ಳುತ್ತದೆ, ನಿಧಾನ ಆಗುತ್ತದೆ, ಸುಸ್ತಾಗುತ್ತದೆ ಅಂತ. ಅಮೆರಿಕದವರದ್ದು ಬೇರೆ ದಾರಿ. ಹತ್ತುವಾಗ ಇಳಿಯುವಾಗ ಯಾವಾಗಲೂ ಒಂದರಲ್ಲಿ ಕಟ್ಟಿಕೊಂಡಿರಬೇಕು, ಮೇಲೆ ಚೈನ್ ಸಾ ಚಾಲೂ ಮಾಡುವಾಗ ಎರಡು ಕಡೆ ಕಟ್ಟಿಕೊಂಡಿರಬೇಕು. ನಾನು ಪಾಲಿಸುವುದು ಹೆಚ್ಚು ಕಮ್ಮಿ ಇದನ್ನೇ.

ಯಾಕೆ ಅಂದರೆ, ಗಟ್ಟಿ ಕವಲಿನ ಮೇಲೆ ಸರಿಯಾಗಿ ಹಾಕಿದ ಒಳ್ಳೆಯ ಹಗ್ಗ ತಾನಾಗಿ ಹರಿಯುವುದು ಬಹಳ ಅಪರೂಪ. ಅದನ್ನು ಕತ್ತರಿಸುವವರು ನಾವೇ. ಚೈನ್ ಸಾ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ, ಭಾರ ಬಿದ್ದು ಬಿಗಿಯಾದ ಹಗ್ಗಕ್ಕೆ ತಾಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು. ಮಷಿನ್ ಬೇಡ, ಬಿಗಿಯಾದ ಹಗ್ಗಕ್ಕೆ ಹರಿತವಾದ ಕುಡುಗೋಲು ತಾಗಿದರೂ ಸಾಕು. ಸಡಿಲ ಹಗ್ಗ ಅಷ್ಟು ಸುಲಭಕ್ಕೆ ತುಂಡಾಗುವುದಿಲ್ಲ, ಬಿಗಿ ಹಗ್ಗ ಬೇಗ ತುಂಡಾಗುತ್ತದೆ.

ನಿಮ್ಮ ಹುಣಸೆಗೆ ಹೀಗೆ ಮಾಡಿ. ಮುಖ್ಯ ಹಗ್ಗವನ್ನು ಆದಷ್ಟು ಮೇಲಿನ ಕವಲಿಗೆ ನೆಲದಿಂದಲೇ ಹಾಕಿ. ತೆಳು ದಾರಕ್ಕೆ ಸಣ್ಣ ಮರಳಿನ ಚೀಲ ಕಟ್ಟಿ ಎಸೆದು, ಅದರ ಹಿಂದೆ ಹಗ್ಗ ಎಳೆದುಕೊಳ್ಳಬಹುದು. ಆ ಕವಲು ಹಸಿ ಮರ ಆಗಿರಬೇಕು, ದಪ್ಪ ನಾಲ್ಕು ಇಂಚಿಗೆ ಕಮ್ಮಿ ಇರಬಾರದು, ಆದಷ್ಟು ಮುಖ್ಯ ಕಾಂಡಕ್ಕೆ ಅಂಟಿಕೊಂಡಿರಬೇಕು. ಹತ್ತುವ ಮುಂಚೆ ಇಬ್ಬರು ಒಟ್ಟಿಗೆ ಹಗ್ಗಕ್ಕೆ ಜೋತುಬಿದ್ದು ನೋಡಿ. ಹುಣಸೆ ಈ ವಿಷಯಕ್ಕೆ ಒಳ್ಳೆಯ ಮರ, ಬಲವಾದ ಟೊಂಗೆ. ಆದರೆ ಹಳೆಯ ಹುಣಸೆ ಒಳಗೆ ಟೊಳ್ಳು ಇರುತ್ತದೆ, ಕೊಡಲಿ ಹಿಂಬದಿಯಿಂದ ಬಡಿದು ಸದ್ದು ಕೇಳಿ. ನೇರಳೆ, ನುಗ್ಗೆ, ಗುಲ್‌ಮೊಹರ್ ಟೊಂಗೆಗಳನ್ನು ನಾನು ನಂಬುವುದಿಲ್ಲ, ಹಸಿ ಇದ್ದರೂ ಹೇಳದೆ ಕೇಳದೆ ಮುರಿಯುತ್ತವೆ. ಬೇವಿನಲ್ಲಿ ಈಚೆಗೆ ತುದಿ ಒಣಗುವ ರೋಗ ಬರುತ್ತಿದೆಯಲ್ವಾ, ಕಂದು ಬಣ್ಣಕ್ಕೆ ತಿರುಗಿದ ಮೇಲ್ಭಾಗಕ್ಕೆ ಹಗ್ಗ ಹಾಕಬೇಡಿ, ಕೆಳಗಿನ ದಪ್ಪ ಕವಲೇ ಸಾಕು.

ಎರಡನೆಯದು ಪಕ್ಕದ ಎರಡು ಕೊಂಡಿಗೆ ಹಾಕಿ ಕಾಂಡವನ್ನು ಬಳಸಿ ತರುವ ಸಣ್ಣ ಹಗ್ಗ. ಹತ್ತುವಾಗ ಟೊಂಗೆ ದಾಟಬೇಕಾದಾಗಲೂ, ಮುಖ್ಯ ಹಗ್ಗದ ಜಾಗ ಬದಲಿಸುವಾಗಲೂ ಇದು ನಿಮ್ಮನ್ನು ಹಿಡಿದಿರುತ್ತದೆ. ಕೊಯ್ಯುವ ಜಾಗ ತಲುಪಿದ ಮೇಲೆ ಎರಡರ ಮೇಲೂ ಭಾರ ಹಂಚಿ ನಿಂತು, ಆಮೇಲೆ ಮಷಿನ್ ಚಾಲೂ ಮಾಡಿ. ಈ ಸಣ್ಣ ಹಗ್ಗವನ್ನು ಯಾವತ್ತೂ ನೀವು ಕೊಯ್ಯುತ್ತಿರುವ ತುಂಡಿಗೆ ಸುತ್ತಬೇಡಿ, ತುಂಡು ಹೋಗುವಾಗ ನಿಮ್ಮನ್ನೂ ಕರೆದುಕೊಂಡು ಹೋಗುತ್ತದೆ. ಒಳಗೆ ಉಕ್ಕಿನ ತಂತಿ ಇರುವ ಹಗ್ಗ ಸಿಗುತ್ತದೆ, ಕೈ ಗರಗಸಕ್ಕೆ ಅದು ಸ್ವಲ್ಪ ತಡೆಯುತ್ತದೆ, ಆದರೆ ಚೈನ್ ಸಾಗೆ ಅದೂ ನಿಲ್ಲುವುದಿಲ್ಲ. ಮೇಲಾಗಿ ಕರೆಂಟ್ ಲೈನ್ ಹತ್ತಿರ ಲೋಹ ಇರುವ ಹಗ್ಗ ಬೇಡವೇ ಬೇಡ.

ಲೈನ್ ವಿಷಯ ಬಂತು ನೋಡಿ. ಜೆಸ್ಕಾಂ (ನಮ್ಮ ಕಡೆಯ ಕರೆಂಟ್ ಕಂಪನಿ) ಸೆಕ್ಷನ್ ಆಫೀಸಿಗೆ ಬರೆದು ಕೊಟ್ಟು ಎಲ್‌ಸಿ, ಅಂದರೆ ಲೈನ್ ಆಫ್ ಮಾಡಿಸಿ ಕೆಲಸಕ್ಕೆ ಕೊಡುವ ಅನುಮತಿ, ತೆಗೆದುಕೊಳ್ಳದೆ ಆ ಹುಣಸೆ ಮುಟ್ಟಬೇಡಿ. ಲೈನ್‌ಮನ್ ಎದುರಿಗೆ ನಿಂತಿರಬೇಕು, ಫೋನಿನಲ್ಲಿ ಆಫ್ ಮಾಡಿದೀವಿ ಹತ್ತಿ ಅನ್ನುವುದಕ್ಕೆ ಬೆಲೆ ಇಲ್ಲ. ಕರೆಂಟ್ ಹೊಡೆದರೆ ಎಷ್ಟು ಹಗ್ಗ ಕಟ್ಟಿಕೊಂಡರೂ ಅಷ್ಟೇ.

ಕುಷ್ಟಗಿ ಹುಣಸೆ

ಎಲ್ಲಾ ಓದಿದೆ. ಬ್ರಿಟನ್ ಅಮೆರಿಕ ಎಲ್ಲಾ ಸರಿ ತಮ್ಮಾ. ನಮ್ಮದು ಹುಣಸೆ ಗುತ್ತಿಗೆ ಹಿಡಿಯುವ ಮನೆ, ಸಂಕ್ರಾಂತಿ ಮುಗಿದ ಮೇಲೆ ಯುಗಾದಿ ಆಚೆಗೂ ಗಿಡದ ಮೇಲೇ ಇರುವವರು. ನಮ್ಮ ಕಡೆ ಕಾಯಿ ಬಡಿಯಲು ಹತ್ತುವವರಲ್ಲಿ ಬಹಳ ಜನ ಒಂದು ಹಗ್ಗವನ್ನೂ ಕಟ್ಟುವುದಿಲ್ಲ, ಬರಿಗಾಲಲ್ಲಿ ಕೋಲು ಹಿಡಿದು ಟೊಂಗೆ ತುದಿತನಕ ಹೋಗುತ್ತಾರೆ. ಅವರ ಮುಂದೆ ನಿಂತು ಎರಡು ಹಗ್ಗ ಅಂದರೆ ನಗುತ್ತಾರೆ. ಎರಡು ಅಂತ ಹೆದರಿಸಿದರೆ ಒಂದನ್ನೂ ಕಟ್ಟಿಕೊಳ್ಳುವುದಿಲ್ಲ. ಮೊದಲು ಒಂದು ಹಗ್ಗದ ಅಭ್ಯಾಸ ಮಾಡಿಸಿ, ಆಮೇಲೆ ಎರಡರ ಮಾತು.

ಇನ್ನೊಂದು ನೀವು ಯಾರೂ ಹೇಳಲಿಲ್ಲ. ಹೆಜ್ಜೇನು. ದೊಡ್ಡ ಹುಣಸೆ, ಆಲ, ಅರಳಿ ಅಂದರೆ ಹೆಜ್ಜೇನು ಇದ್ದೇ ಇರುತ್ತದೆ ಅಂತ ತಿಳಿದು ಹತ್ತಬೇಕು. ಚೈನ್ ಸಾ ಸದ್ದಿಗೆ, ಹೊಗೆಗೆ ಎದ್ದರೆ ಒಂದೆರಡಲ್ಲ, ಹಿಂಡೇ ಮೈಮೇಲೆ ಬರುತ್ತದೆ. ಆಗ ಒಂದೇ ಹಗ್ಗ ಇದ್ದವನು ಸರ್ರನೆ ಇಳಿಯುತ್ತಾನೆ. ಎರಡು ಕಡೆ ಕಟ್ಟಿಕೊಂಡವನು ಮುಖದ ಮೇಲೆ ಹುಳ ಕೂತಿರುವಾಗ ಯಾವ ಕೊಂಡಿ ಮೊದಲು ಬಿಚ್ಚಬೇಕು ಅಂತ ತಡಕಾಡುತ್ತಾನೆ. ಇದಕ್ಕೆ ಏನು ಹೇಳ್ತೀರಿ?

ಕೋಟೆ ಕೆಳಗಿನವ

ಕಾಕಾ, ಹೆಜ್ಜೇನಿನ ಮಾತು ನೂರಕ್ಕೆ ನೂರು ಸರಿ. ಎರಡು ಉದ್ದ ಹಗ್ಗ ಹಾಕಿದರೆ ಇಳಿಯುವಾಗ ನಮ್ಮನ್ನು ಹಗ್ಗಕ್ಕೆ ಹಿಡಿದಿರುವ ಎರಡು ಜಾರುಗಂಟನ್ನೂ ಒಟ್ಟಿಗೆ ಜಾರಿಸಬೇಕು, ಅಭ್ಯಾಸ ಇಲ್ಲದವರಿಗೆ ಅದು ತಡ ಆಗುವುದೇ. ಅದಕ್ಕೇ ನಾನು ಪಕ್ಕದ ಸಣ್ಣ ಹಗ್ಗ ಹೇಳಿದ್ದು. ಅದರ ಒಂದು ತುದಿ ಒಂದೇ ಕೈಯಲ್ಲಿ ಬಿಚ್ಚಬಹುದು, ಬಿಚ್ಚಿದ ತಕ್ಷಣ ನೀವು ಮುಖ್ಯ ಹಗ್ಗದ ಮೇಲೆ ಇರುತ್ತೀರಿ, ನೇರ ಕೆಳಗೆ. ಕೊಂಡಿ ತಾನಾಗಿ ತೆರೆಯದ, ತಿರುಗಿಸಿ ಒತ್ತಿದರೆ ಮಾತ್ರ ಬಿಚ್ಚುವ ಜಾತಿಯದು ಇರಬೇಕು. ಕಣ್ಣು ಮುಚ್ಚಿಕೊಂಡು ಬಿಚ್ಚುವುದನ್ನು ನೆಲದ ಮೇಲೆ ರೂಢಿ ಮಾಡಿಕೊಳ್ಳಬೇಕು. ಮುಖ್ಯ ಹಗ್ಗ ನೆಲ ಮುಟ್ಟುವಷ್ಟು ಉದ್ದ ಇಲ್ಲದಿದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ.

ಗೂಡು ಕಂಡರೆ ಆ ದಿನ ಹತ್ತುವುದಿಲ್ಲ, ಜೇನು ತೆಗೆಯುವವರನ್ನು ಕರೆಸುತ್ತೇನೆ. ಹಿಂದಿನ ದಿನ ನೋಡಿದ್ದೆ ಇರಲಿಲ್ಲ ಅಂತ ಬಿಡುವ ಹಾಗಿಲ್ಲ, ಬೆಳಗ್ಗೆ ಮತ್ತೆ ಗಿಡದ ಸುತ್ತ ಒಂದು ಸುತ್ತು ಹಾಕಬೇಕು.

ಕಾಯಿ ಬಡಿಯುವವರ ವಿಷಯಕ್ಕೆ ನಾನು ವಾದ ಮಾಡುವುದಿಲ್ಲ. ಅವರ ಕೈಯಲ್ಲಿ ಕೋಲು ಇರುತ್ತದೆ, ಗರಗಸ ಅಲ್ಲ. ಮೇಲಿಂದ ಹಾಕಿದ ಒಂದು ಬಿಗಿ ಹಗ್ಗ ಅವರಿಗೆ ದೊಡ್ಡ ಲಾಭವೇ. ನಾನು ಎರಡು ಅನ್ನುತ್ತಿರುವುದು ಮೇಲೆ ಕೊಯ್ಯುವ ಕೆಲಸಕ್ಕೆ.

ಆದರೆ ಎರಡನೆಯ ಉದ್ದ ಹಗ್ಗಕ್ಕೆ ಒಂದು ಬೇರೆ ಉಪಯೋಗ ಇದೆ, ಅದನ್ನು ನಮ್ಮ ಕಡೆ ಯಾರೂ ಯೋಚಿಸುವುದಿಲ್ಲ. ಮೇಲಿದ್ದವನಿಗೆ ಟೊಂಗೆ ಹೊಡೆದು ಜ್ಞಾನ ತಪ್ಪಿತು ಅಂದುಕೊಳ್ಳಿ. ಹಗ್ಗ ಅವನನ್ನು ಹಿಡಿದಿದೆ, ಬೀಳಲಿಲ್ಲ, ಸರಿ. ಇಳಿಸುವವರು ಯಾರು? ಹಾರ್ನೆಸ್‌ನಲ್ಲಿ ಅಲುಗಾಡದೆ ಜೋತು ಬಿದ್ದವನ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ಬೇಗ ಇಳಿಸದಿದ್ದರೆ ಅದೇ ಪ್ರಾಣ ತೆಗೆಯಬಹುದು. 108ಕ್ಕೆ ಫೋನ್ ಮಾಡಬೇಕು, ಮಾಡಿ, ಆದರೆ ಆಂಬುಲೆನ್ಸಿನವರು ಗಿಡ ಹತ್ತುವುದಿಲ್ಲ. ಅದಕ್ಕೆ ದೊಡ್ಡ ಕೆಲಸ ಇದ್ದಾಗ ಬೇರೆ ಕವಲಿಗೆ ಇನ್ನೊಂದು ಹಗ್ಗ ಮೊದಲೇ ಹಾಕಿ ಬಿಟ್ಟಿರುತ್ತೇನೆ, ಕೆಳಗೆ ಹತ್ತಲು ಬರುವ ಇನ್ನೊಬ್ಬ ಹಾರ್ನೆಸ್ ಹಾಕಿಕೊಂಡೇ ನಿಂತಿರುತ್ತಾನೆ. ಗರಗಸ ಅಣ್ಣ, ನಿಮ್ಮ ನಾಲ್ವರಲ್ಲಿ ಹತ್ತುವವರು ಒಬ್ಬರೇ ಆದರೆ ಮೊದಲು ಆ ಕೊರತೆ ತುಂಬಿಸಿ.

ಸಿರುಗುಪ್ಪ ತೆಂಗು

ನಡುವೆ ಬಾಯಿ ಹಾಕುತ್ತೇನೆ. ಇದು ಟೊಂಗೆ ಇರುವ ಗಿಡದ ಕತೆ ಆಯಿತು. ಕಾಲುವೆ ಬದಿಯಲ್ಲಿ ನಮ್ಮದು ತೆಂಗು, ಅದಕ್ಕೆ ಕವಲೂ ಇಲ್ಲ ಏನೂ ಇಲ್ಲ. ಎರಡನೇ ಹಗ್ಗ ಎಲ್ಲಿ ಕಟ್ಟೋದು? ಗರಿಗೆ ಕಟ್ಟಿದರೆ ಗರಿ ಸಮೇತ ಕೆಳಗೆ.

ಕೋಟೆ ಕೆಳಗಿನವ

ಗರಿಗೆ ಬೇಡವೇ ಬೇಡ ಅಣ್ಣಾ. ತೆಂಗಿಗೆ ಕಾಂಡವನ್ನು ಬಳಸಿದ ಎರಡು ಪಟ್ಟಿ, ಒಂದರ ಮೇಲೆ ಒಂದು. ಹಳೆಯ ಗರಿ ಬುಡದಂಥ ಅಡ್ಡ ಬಂದಾಗ ಒಂದನ್ನು ಬಿಚ್ಚಿ ಮೇಲೆ ಹಾಕಿ, ಆಮೇಲೆ ಇನ್ನೊಂದನ್ನು. ಮರ ಹತ್ತುವ ಮಷಿನ್ ಇದ್ದರೆ ಅದನ್ನೇ ಸುರಕ್ಷೆ ಅಂದುಕೊಳ್ಳಬೇಡಿ, ಅದರ ಜೊತೆ ಕಾಂಡಕ್ಕೆ ಸುತ್ತುವ ಬೆಲ್ಟ್ ಬೇರೆ ಇರಲೇಬೇಕು. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ತೆಂಗಿನ ಮರದ ಗೆಳೆಯರು ಅಂತ ಯುವಕರಿಗೆ ಮಷಿನ್‌ನಲ್ಲಿ ಹತ್ತುವ ತರಬೇತಿ ಶುರು ಮಾಡಿತು, ಹತ್ತುವವರಿಗೆ ಕೇರ ಸುರಕ್ಷಾ ಅಂತ ವಿಮೆಯನ್ನೂ ತಂದಿದೆ. ಮಂಡಳಿಯ ಕಚೇರಿ ಬೆಂಗಳೂರಿನಲ್ಲಿದೆ, ಕೇಳಿ ನೋಡಿ.

ಗಂಗಾವತಿ ಗರಗಸ

ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಹಿರಿಯರಿಗೂ ಓದಿ ಹೇಳಿದೆ. ಸಣ್ಣ ಹಗ್ಗಕ್ಕೆ ಒಪ್ಪಿದರು, ಇನ್ನೊಂದು ಉದ್ದ ಹಗ್ಗಕ್ಕೆ ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದಾರೆ. ಈಗ ಖರ್ಚಿನ ಮಾತು. ನಮ್ಮ ಹತ್ತಿರ ಇರುವುದು ಲಾರಿಗೆ ಲೋಡ್ ಕಟ್ಟುವ ದಪ್ಪ ಹಗ್ಗ, ಹೊಸದೇ ಇದೆ, ಹೆಬ್ಬೆರಳಿಗಿಂತ ದಪ್ಪ. ಟೊಂಗೆ ಇಳಿಸಲೂ ಅದೇ, ಹತ್ತಲೂ ಅದೇ. ಅದರಲ್ಲೇ ಎರಡು ತುಂಡು ಮಾಡಿಕೊಂಡರೆ ಆಗಲ್ವಾ? ಇಲ್ಲ ಅಂದರೆ ಯಾವುದು, ಎಷ್ಟು ಉದ್ದ ತರಿಸಲಿ?

ಶಕ್ತಿನಗರದವ

ಲಾರಿ ಹಗ್ಗ ಹತ್ತಲು ಬೇಡ. ಅದು ಬಹುತೇಕ ಪಾಲಿಪ್ರೊಪಿಲೀನ್, ಸುಮಾರು 165 ಡಿಗ್ರಿಗೇ ಕರಗುತ್ತದೆ. ಹಗ್ಗದ ಮೇಲೆ ಗಂಟು ಜಾರಿಸಿ ಜೋರಾಗಿ ಇಳಿದರೆ ಉಜ್ಜಿ ಬರುವ ಬಿಸಿ ಕಮ್ಮಿ ಇರುವುದಿಲ್ಲ. ನಮ್ಮ ರಾಯಚೂರು ಬಿಸಿಲಿಗೆ ಒಂದು ಬೇಸಿಗೆ ಹೊರಗೆ ಬಿದ್ದಿದ್ದರೆ ಕೈಯಲ್ಲಿ ಹಿಸುಕಿದಾಗ ಪುಡಿ ಉದುರುತ್ತದೆ, ಆ ಸ್ಥಿತಿಯಲ್ಲಿ ದಪ್ಪ ನೋಡಿ ಮೋಸ ಹೋಗಬೇಡಿ.

ಕೋಟೆ ಕೆಳಗಿನವ

ಅದರ ಜೊತೆಗೆ, ಟೊಂಗೆ ಇಳಿಸಿದ ಹಗ್ಗದಲ್ಲಿ ಮನುಷ್ಯ ಹತ್ತಲೇಬಾರದು. ದೊಡ್ಡ ಟೊಂಗೆ ಜಗ್ಗಿದಾಗ ಒಳಗಿನ ಎಳೆ ಎಷ್ಟು ಸತ್ತಿದೆ ಅಂತ ಹೊರಗೆ ಕಾಣುವುದಿಲ್ಲ. ಎರಡಕ್ಕೂ ಬೇರೆ ಬೇರೆ ಬಣ್ಣದ ಹಗ್ಗ ಇಟ್ಟುಕೊಳ್ಳಿ, ಗಡಿಬಿಡಿಯಲ್ಲಿ ಅದಲು ಬದಲು ಆಗುವುದಿಲ್ಲ. ನಿಮ್ಮ ಲಾರಿ ಹಗ್ಗ ಸಣ್ಣ ಟೊಂಗೆ ಇಳಿಸಲು ಇರಲಿ.

ಹತ್ತಲು ತರಿಸುವ ಹಗ್ಗದ ಮೇಲೆ ಇಎನ್ 1891 ಟೈಪ್ ಎ ಅಂತ ಯುರೋಪಿನ ಗುರುತು ಇರಲಿ, 11ರಿಂದ 13 ಮಿಲಿಮೀಟರ್ ದಪ್ಪ. ಅದು ಕನಿಷ್ಠ 22 ಕಿಲೋನ್ಯೂಟನ್ ತಡೆಯಬೇಕು, ಅಂದರೆ 2200 ಕಿಲೋ ಹತ್ತಿರ. ಗಂಟು ಹಾಕಿದಲ್ಲಿ ಬಲ ಕಮ್ಮಿ ಆಗುತ್ತದೆ ಅಂತಲೇ ಅಷ್ಟು ಜಾಸ್ತಿ ಇಟ್ಟಿರುವುದು. ಆದರೆ ಈ ಹಗ್ಗ ಹಿಗ್ಗುವುದು ಬಹಳ ಕಡಿಮೆ. ಸಡಿಲ ಬಿಟ್ಟುಕೊಂಡು ನಾಲ್ಕು ಅಡಿ ಬಿದ್ದರೂ ಸೊಂಟಕ್ಕೆ ಬೀಳುವ ಏಟು ಜೋರು. ಮೇಲೆ ಹೋದಂತೆ ಸಡಿಲ ಎಳೆದುಕೊಳ್ಳುತ್ತಾ ಇರಬೇಕು. ಜಾರುವ ಗಂಟಿಗೆ ಬೇರೆ 8 ಮಿಲಿಮೀಟರ್ ದಾರ, ಪ್ರುಸಿಕ್ ಅನ್ನುವ ಗಂಟು ಹಾಕುವುದಾದರೆ ಮೂರು ಸುತ್ತು, ಭಾರ ಹಾಕಿ ಹಿಡಿಯುತ್ತದಾ ಅಂತ ನೆಲದಿಂದ ಒಂದಡಿ ಮೇಲೆ ನೋಡಿಕೊಂಡೇ ಹೋಗಬೇಕು.

ಉದ್ದಕ್ಕೆ ಲೆಕ್ಕ ಸುಲಭ. ಹಗ್ಗ ಕವಲಿನ ಮೇಲೆ ಹೋಗಿ ಮತ್ತೆ ನಿಮ್ಮ ಹತ್ತಿರ ಬರುತ್ತದೆ, ಹಾಗಾಗಿ 15 ಮೀಟರ್ ಎತ್ತರದ ಕವಲಿಗೆ 30 ಅಲ್ಲ, ಗಂಟಿಗೂ ಅಡ್ಡ ಹೋಗುವುದಕ್ಕೂ ಸೇರಿಸಿ 40 ಮೀಟರ್ ಮೇಲೆಯೇ ಇರಲಿ. ನಾನು 45ರದ್ದು ಇಟ್ಟಿದ್ದೇನೆ, ನಮ್ಮ ಕಡೆಯ ಗಿಡಗಳಿಗೆ ಸಾಕಾಗುತ್ತದೆ. ಪಕ್ಕದ ಸಣ್ಣದು 4ರಿಂದ 5 ಮೀಟರ್. ಉದ್ದ ಹಗ್ಗದ ಕೆಳ ತುದಿಗೆ ಒಂದು ತಡೆಗಂಟು ಹಾಕಿಡಿ, ಇಳಿಯುವಾಗ ಹಗ್ಗ ಮುಗಿದು ಜಾರಿಹೋಗುವುದಿಲ್ಲ.

ಗಾಡಿಯಲ್ಲಿ ಒಯ್ಯುವಾಗ ಬ್ಯಾಟರಿ ಪಕ್ಕದಲ್ಲಿ ಇಡಬೇಡಿ. ಆಸಿಡ್ ತಾಗಿದರೆ ನೈಲಾನ್ ಹಗ್ಗದ ಕತೆ ಮುಗಿಯಿತು, ಕಲೆ ಕೂಡ ಸರಿಯಾಗಿ ಕಾಣುವುದಿಲ್ಲ. ಒಂದು ಹಳೆಯ ಗೋಣಿಚೀಲ ಅದಕ್ಕೇ ಅಂತ ಬೇರೆ ಇಟ್ಟುಬಿಡಿ.

ಕುಷ್ಟಗಿ ಹುಣಸೆ

ಆ 45 ಮೀಟರಿನದು ಬಳ್ಳಾರಿಯಲ್ಲೇ ಸಿಗುತ್ತದಾ, ಆನ್‌ಲೈನ್ ತರಿಸಬೇಕಾ? ನನಗೂ ಒಂದು ಬೇಕು. ಒಂದೇ.

ಕೋಟೆ ಕೆಳಗಿನವ

ನಾನು ಆನ್‌ಲೈನ್‌ನಲ್ಲೇ ತರಿಸಿದ್ದು ಕಾಕಾ. ಅಂಗಡಿಯಲ್ಲಿ ಕೇಳುವುದಾದರೆ ಕಟ್ಟಡ ಸಾಮಾನಿನ ಅಂಗಡಿ ಬಿಟ್ಟು, ಕಾರ್ಖಾನೆಗಳಿಗೆ ಸೇಫ್ಟಿ ಸಾಮಾನು ಕೊಡುವವರ ಹತ್ತಿರ ಕೇಳಿ. ಹಗ್ಗದ ಒಳಗೇ ನಂಬರ್ ಬರೆದ ಒಂದು ತೆಳು ಪಟ್ಟಿ ಎಳೆಯ ಉದ್ದಕ್ಕೂ ಇರುತ್ತದೆ, ಕತ್ತರಿಸಿದ ತುದಿಯಲ್ಲಿ ನೋಡಬಹುದು. ಅದು ಇಲ್ಲದಿದ್ದರೆ ಎಷ್ಟು ಅಗ್ಗ ಕೊಟ್ಟರೂ ಬೇಡ.